ಗಾಳೆಮ್ಮನ ಕೂಂ

ಎರಡನೇ ಬೇಸಿಗೆ, ನಲವತ್ತನೇ ತಾರೀಖು,
ಕ್ರಿಸ್ತಶಕ 2231
ಗೊಲ್ಲರಹೊಂಡ, ಬಳ್ಳಾರಿ ಸೀಮೆ

ಟಿವಿ ಮುಂದೆ ಕುಳಿತಿರುವ ಹಿರಿಯರಿಗೆ,

ನಲವತ್ತನೇ ತಾರೀಖು ಎಲ್ಲಿಂದ ಬಂತು ಎಂದು ನೀವು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗುವ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಈಗ ವರ್ಷಕ್ಕೆ ಬೇಸಿಗೆ ಎರಡು. ಎರಡನೆಯದನ್ನು ಎಲ್ಲಿ ತುರುಕುವುದೆಂದು ತಿಳಿಯದೆ ಪಂಚಾಂಗದವರು ತಿಂಗಳುಗಳನ್ನೇ ಎಳೆದು ಉದ್ದ ಮಾಡಿದ್ದಾರೆ. ಹಬ್ಬಗಳು ಮಾತ್ರ ಮೊದಲಿನಷ್ಟೇ ಇವೆ, ರಜೆ ಒಂದೂ ಹೆಚ್ಚಿಲ್ಲ. ಇನ್ನು ಭಾಷೆಯ ವಿಷಯ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಟಿವಿಯಿಂದ. ಆದ್ದರಿಂದ ನಡುನಡುವೆ ‘ಒಂದು ಸಣ್ಣ ವಿರಾಮದ ನಂತರ’ ಎಂಬಂಥ ಮಾತು ನುಸುಳಿದರೆ ಮನ್ನಿಸಬೇಕು. ನಿಮ್ಮಲ್ಲಿ ಗಂಡಹೆಂಡಿರೂ ಹಾಗೆಯೇ ಮಾತಾಡುತ್ತಿದ್ದರೆಂದು ನಾನು ಬಹಳ ವರ್ಷ ನಂಬಿದ್ದೆ. ಈ ಪತ್ರ ಕಾಲದಲ್ಲಿ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಕೇಳಬೇಡಿ, ಅಂಚೆಯವರಿಗೇ ಗೊತ್ತಿಲ್ಲ. ಮುಂದಕ್ಕೆ ಕಳಿಸಿದ್ದು ಸರಿಯಾಗಿ ಹೋಗುವುದಿಲ್ಲವಾದ್ದರಿಂದ ಹಿಂದಕ್ಕೆ ಹೋಗುವ ಸಂಭವ ಇದೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ಹೆಸರು ತಿಪ್ಪೇಶ. ನಮ್ಮೂರಿನ ಬಿತ್ತರ ಪಂಚಾಯ್ತಿಯ ಸದಸ್ಯ. ನಿಮ್ಮಲ್ಲಿ ಮೊದಲು ಮನೆಗೊಂದು ಪರದೆ, ಆಮೇಲೆ ಕೋಣೆಗೊಂದು, ಕೊನೆಗೆ ಅಂಗೈಗೊಂದು ಇತ್ತಂತೆ. ಕರೆಂಟಿನ ದೆಸೆಯಿಂದ ನಮ್ಮಲ್ಲಿ ಊರಿಗೆ ಒಂದೇ. ಅದಕ್ಕೆ ‘ಊರಪರದೆ’ ಎನ್ನುತ್ತೇವೆ. ವಾರಕ್ಕೊಂದು ಸಂಜೆ ಬಿಸಿಲು ಇಳಿದ ಮೇಲೆ ಜನ ಚಾಪೆ, ಒರಗುದಿಂಬು, ಬುತ್ತಿ ತಂದು ಅದರ ಮುಂದೆ ಕೂರುತ್ತಾರೆ. ಹೊಸ ಕಾರ್ಯಕ್ರಮ ತಯಾರಿಸುವವರು ಯಾರೂ ಇಲ್ಲ, ನೀವು ತಯಾರಿಸಿಟ್ಟದ್ದೇ ಇನ್ನೂ ಅರ್ಧ ಮುಗಿದಿಲ್ಲ. ನಿಮ್ಮದೊಂದು ಧಾರಾವಾಹಿಯನ್ನು ನಮ್ಮ ತಾತ ನೋಡಲು ಶುರುಮಾಡಿದ್ದ. ಅದರಲ್ಲಿನ ಅತ್ತೆ ಸೊಸೆಯ ಮನಸ್ತಾಪ ನನ್ನ ಮಗನ ಕಾಲಕ್ಕೆ ಬಗೆಹರಿಯಬಹುದೆಂದು ಅಂದಾಜಿದೆ. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ತೀರ್ಮಾನ ಪಂಚಾಯ್ತಿಯದು. ಅಧ್ಯಕ್ಷರು ಶರಭಪ್ಪನವರು. ಅವರು ಯಾವುದನ್ನೂ ನಿಷೇಧಿಸಿದವರಲ್ಲ. ಪ್ರತಿಯೊಂದನ್ನೂ ನೋಡುತ್ತ ನೋಡುತ್ತ ನಿದ್ದೆಹೋಗಿ, ಎಚ್ಚರಾದ ಮೇಲೆ “ಶುದ್ಧ ಐತಿ, ಬಿಡ್ರಿ” ಎಂದು ಅಪ್ಪಣೆ ಕೊಡುತ್ತಾರೆ.

ಶುದ್ಧವಿಲ್ಲದ್ದು ನಮ್ಮ ಕಿವಿಗೆ ಬೀಳುವುದೂ ಇಲ್ಲವೆನ್ನಿ. ಮಗುವಿಗೆ ಕಿವಿ ಚುಚ್ಚುವ ದಿನವೇ ಕಿವಿಯೊಳಗೆ ಜೋಳದ ಕಾಳಿನಷ್ಟು ಗಾತ್ರದ ಒಂದು ವಸ್ತುವನ್ನು ಕೂರಿಸುತ್ತಾರೆ. ಅದರ ಹೆಸರು ಸೋಸುಗಿವಿ. ಟೀ ಸೋಸುವ ಜಾಲರಿಯ ಹಾಗೆ ಅದು ಮಾತಿನ ಚರಟವನ್ನು ಮೇಲೇ ಹಿಡಿದು ತಿಳಿಯನ್ನಷ್ಟೇ ಒಳಗೆ ಬಿಡುತ್ತದೆ. ಪಕ್ಕದ ಮನೆಯವನು ಕಾಂಪೌಂಡಿನ ಮೇಲಿಂದ ನಿಮ್ಮ ತಾಯಿಯನ್ನು ಎತ್ತಿ ಆಡಿದರೆ ನಿಮಗೆ ಕೇಳಿಸುವುದು ‘ಅಮ್ಮ ಚೆನ್ನಾಗಿದ್ದಾರಾ’ ಎಂದು. ನಿಮ್ಮ ಮೊಮ್ಮಕ್ಕಳು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಕಂಡುಹಿಡಿದರು, ಅದರಲ್ಲಿ ಅನುಮಾನವಿಲ್ಲ. ಆದರೆ ಮೈಯೆಲ್ಲ ಬಲ ಹಾಕಿ ಬೈದಾಗ ಎದುರಿನವನು ‘ನಿಮ್ಮ ಆಶೀರ್ವಾದ’ ಎಂದು ಕೈಮುಗಿದರೆ ಬೈದವನ ಗತಿ ಏನಾಗಬೇಕು ಹೇಳಿ. ಜನಕ್ಕೆ ಬೇಸರ ಬಂತು. ಎರಡು ಮೂರು ತಲೆಮಾರಿನಲ್ಲಿ ಬೈಗುಳ ಕಿವಿಯಿಂದ ಮಾತ್ರವಲ್ಲ, ನಾಲಿಗೆಯಿಂದಲೂ ಹೋಯಿತು.

ನಾನು ನಿಮ್ಮ ಕಾಲದ ಮೋಹ ಹತ್ತಿಸಿಕೊಂಡವನು. ಬಿಡುವಿದ್ದಾಗಲೆಲ್ಲ ನಿಮ್ಮ ನಲ್ಲಿ ಕಟ್ಟೆಯ ಸಾಲು, ನಿಮ್ಮ ತರಕಾರಿ ಮಾರುಕಟ್ಟೆ, ಕಿಕ್ಕಿರಿದ ಬಸ್ಸಿನಲ್ಲಿ ಚಿಲ್ಲರೆಗಾಗಿ ನಡೆಯುವ ಕದನ, ಇವನ್ನೆಲ್ಲ ಹಾಕಿಕೊಂಡು ನೋಡುತ್ತೇನೆ. ಕೊಡ ಹಿಡಿದ ಹೆಂಗಸಿನ ಬಾಯಿ ಅಷ್ಟಗಲ ತೆರೆಯುತ್ತದೆ, ಕೈ ಗಾಳಿಯಲ್ಲಿ ಹಾರುತ್ತದೆ, ಸೆರಗು ಸೊಂಟಕ್ಕೆ ಬಿಗಿಯುತ್ತದೆ. ನನ್ನ ಕಿವಿಗೆ ಬೀಳುವುದು ‘ದಯವಿಟ್ಟು ಸ್ವಲ್ಪ ಸರಿಯಿರಿ’. ಬಾಯಿಯ ಅಳತೆಗೂ ಮಾತಿನ ಅಳತೆಗೂ ತಾಳೆಯೇ ಆಗುವುದಿಲ್ಲ. ಒಳಗೆ ಮದುವೆಯ ಊಟ ನಡೆಯುತ್ತಿರುವಾಗ ಬಾಗಿಲಾಚೆ ನಿಂತು ಒಗ್ಗರಣೆಯ ವಾಸನೆ ಹಿಡಿಯುವವನ ಹಾಗೆ ನಾನು ನಿಮ್ಮ ಜಗಳಗಳನ್ನು ಕಂಡಿದ್ದೇನೆ. ಎಂಥ ಆರೋಗ್ಯವಂತ ಜನ ನೀವು.

ಈಗ ಕೂಂ. ನೀವು ಅದನ್ನು ಬೀಪ್ ಎನ್ನುತ್ತಿದ್ದಿರಿ. ಗಂಭೀರವಾದ ಸಾಕ್ಷ್ಯಚಿತ್ರಗಳಲ್ಲಿ ಯಾರಾದರೂ ಸಂಕಟದಿಂದ ಒರಟು ಮಾತಾಡಿದರೆ, ಎಂಟು ಗಂಟೆಗೆ ಮನೆಮಂದಿಯೆಲ್ಲ ನೋಡುತ್ತಾರೆಂದು, ಮಾತಿನ ಮೇಲೆ ಒಂದು ಸದ್ದು ಹಾಕಿ, ತುಟಿಯ ಮೇಲೆ ಮಂಜು ಹಿಡಿಸಿ ಪ್ರಸಾರ ಮಾಡುತ್ತಿದ್ದಿರಿ. ಹೆಣ ತೋರಿಸುತ್ತಿದ್ದಿರಂತೆ, ಹೆಣದ ಪಕ್ಕದಲ್ಲಿ ನಿಂತವನ ಮಾತು ತೋರಿಸುತ್ತಿರಲಿಲ್ಲವಂತೆ. ಸೋಸುಗಿವಿ ಹಿಡಿಯುವುದು ಪದಗಳನ್ನು, ಸದ್ದನ್ನಲ್ಲ. ಹೀಗಾಗಿ ನಿಮ್ಮ ಕಾಲದಿಂದ ನಮ್ಮ ಕಿವಿಗೆ ಸೋಸದೆ ಬಂದ ಗಟ್ಟಿ ದನಿ ಎಂದರೆ ಅದೊಂದೇ. ನಮ್ಮವರು ಅದನ್ನು ಕಣ್ಣಿಗೊತ್ತಿಕೊಂಡರು. ದುಃಖ ಮೇರೆ ಮೀರಿದಾಗ ನಿಮ್ಮ ಕಾಲದ ಮನುಷ್ಯರ ಗಂಟಲಿನಿಂದ ಆ ನಾದ ತಾನಾಗಿ ಹೊರಡುತ್ತಿತ್ತು ಎಂದು ನಮ್ಮ ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದರು. ಜನ ಬಳಕೆಗೆ ತಂದರು. ಹಾಲು ಉಕ್ಕಿದರೆ ಕೂಂ. ಕಾಲ್ಬೆರಳು ಹೊಸ್ತಿಲಿಗೆ ತಾಗಿದರೆ ಕೂಂ. ಸ್ಥಿತಿವಂತರ ಮಕ್ಕಳಿಗೆ ಮನೆಗೇ ಬಂದು ಕೂಂ ಹೇಳಿಕೊಡುವ ಮೇಷ್ಟರಿದ್ದರು. ಎಲ್ಲ ಕೂಂಗಳಲ್ಲಿ ಶ್ರೇಷ್ಠವಾದದ್ದು ನಮ್ಮೂರಿನದು, ಗಾಳೆಮ್ಮನದು.

ಗಾಳೆಮ್ಮ ನಿಮ್ಮ ಕಾಲದವಳು. ಅದಿರು ಸಾಗಿಸುವ ಲಾರಿಗಳು ಹಗಲಿರುಳು ಓಡುತ್ತಿದ್ದ ರಸ್ತೆಯ ಪಕ್ಕ, ಗೊಲ್ಲರಹೊಂಡ ಕ್ರಾಸಿನಲ್ಲಿ, ಮಂಡಕ್ಕಿಯ ವಗ್ಗಾಣಿ, ಮಿರ್ಚಿ ಮಾರುವ ಅಂಗಡಿ ಇಟ್ಟಿದ್ದಳು. ದೂಳಿಗೆ ಅವಳ ಮಂಡಕ್ಕಿ ಕೆಂಪು, ಗೋಡೆ ಕೆಂಪು, ಬೇವಿನ ಮರ ಕೆಂಪು. ಒಂದು ಮಧ್ಯಾಹ್ನ ಅವಳ ಮಗಳನ್ನು ಒಂದು ಲಾರಿ ಹೊಡೆದುಹಾಕಿ ಹೋಯಿತು. ಹಿಂದೆ ಬಂದ ಲಾರಿಗಳೂ ನಿಲ್ಲಲಿಲ್ಲ, ಪಕ್ಕಕ್ಕೆ ಸರಿದು ಹೋದವು. ವರ್ಷ ಕಳೆದ ಮೇಲೆ ಒಂದು ವಾಹಿನಿಯವರು ‘ಹನ್ನೆರಡು ಗಾಲಿ’ ಎಂಬ ಸಾಕ್ಷ್ಯಚಿತ್ರ ಮಾಡಲು ಬಂದರು. ಅದರಲ್ಲಿ ವರದಿಗಾರ ಮೈಕು ಚಾಚಿ ಕೇಳುತ್ತಾನೆ: “ಅಮ್ಮ, ಮಗಳು ಹೋಗಿ ಇವತ್ತಿಗೆ ಒಂದು ವರ್ಷ. ಈಗ ನಿಮಗೆ ಏನನ್ನಿಸ್ತಿದೆ?” ಗಾಳೆಮ್ಮ ಉತ್ತರ ಕೊಡುತ್ತಾಳೆ. ಆ ಉತ್ತರದ ಉದ್ದಕ್ಕೂ ಕೂಂ. ನಡುವೆ ಅಲ್ಲಲ್ಲಿ ಒಂದೊಂದು ಮಾತು, ಪ್ರವಾಹದಲ್ಲಿ ತಲೆ ಎತ್ತಿದ ಕಲ್ಲಿನ ಹಾಗೆ: “ನೀವು ಕೂಂ, ಉಣ್ಣಾಗ ಕೂಂ, ಮನ್ಯಾಗ ಕೂಂ, ನಮ್ಮ ಹುಡುಗಿ ಕೂಂ, ನೂರು ವರ್ಷ ಕೂಂ.”

ನಮ್ಮ ಹಿರಿಯರು ಇದನ್ನು ಹೇಗೆ ಅರ್ಥ ಮಾಡಿಕೊಂಡರು ಎಂದರೆ, ಮದುವೆಗಳಲ್ಲಿ ಅಕ್ಷತೆ ಹಾಕುವಾಗ ಹೇಳಲು ಶುರುಮಾಡಿದರು. ಊಟ ಬಂತು, ಮನೆ ಬಂತು, ಹೆಣ್ಣುಮಗು ಬಂತು, ನೂರು ವರ್ಷ ಆಯುಸ್ಸೂ ಬಂತು, ದಂಪತಿಗಳಿಗೆ ಇನ್ನೇನು ಬೇಕು. ಮಗಳನ್ನು ಕಳೆದುಕೊಂಡ ಶೋಕದ ನಡುವೆಯೂ ಲೋಕವನ್ನು ಹರಸಿದ ಮಹಾತಾಯಿ ಎಂದು ಗಾಳೆಮ್ಮನಿಗೆ ಬಿರುದು ಬಂತು. ಬಳ್ಳಾರಿ ಸೀಮೆಯಲ್ಲಿ ಈ ಹರಕೆಯಿಲ್ಲದೆ ಮದುವೆ ಆದವರು ಓಡಿಹೋಗಿ ಆದವರು ಮಾತ್ರ.

ಈ ಹರಕೆ ಹೇಳುವ ಹಕ್ಕು ನನ್ನ ಸೋದರತ್ತೆ ಪಂಪಕ್ಕನದು. ಗಾಳೆಮ್ಮನಿಗೆ ಒಬ್ಬ ಮಗನೂ ಇದ್ದ, ನಾವು ಆ ಕವಲಿನವರು. ಪಂಪಕ್ಕ ಕೂಂ ಹೇಳಿದರೆ ತೊಟ್ಟಿಲ ಕೂಸು ಅಳು ನಿಲ್ಲಿಸುತ್ತಿತ್ತು. ‘ಹನ್ನೆರಡು ಗಾಲಿ’ ವರ್ಷಕ್ಕೊಮ್ಮೆ ಊರಪರದೆಯ ಮೇಲೆ ಬಂದಾಗ ಅವಳು ಎದ್ದು ನಿಂತು, ತಲೆಯ ಮೇಲೆ ಸೆರಗು ಹೊದ್ದು, ಗಾಳೆಮ್ಮನ ಜೊತೆ ದನಿ ಕೂಡಿಸುತ್ತಿದ್ದಳು. ಆಮೇಲೆ ಮನೆಯಲ್ಲಿ ಹಿರಿಯರಿಗೆ ಎಡೆ ಹಾಕುವುದು. ಒಬ್ಬೊಬ್ಬರ ಹೆಸರು ಕರೆದು ಒಂದೊಂದು ಎಲೆ. ಲಾರಿಗೆ ಸಿಕ್ಕ ಆ ಹುಡುಗಿಗೂ ಒಂದು. ಆದರೆ ಅವಳ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಚಿತ್ರದ ಹಿನ್ನೆಲೆ ದನಿ ಅವಳನ್ನು ‘ಹದಿಹರೆಯದ ಬಾಲಕಿ’ ಎಂದು ಸಾಗಿಸಿಬಿಡುತ್ತದೆ. ಪಂಪಕ್ಕ ಅವಳ ಎಲೆಯ ಮುಂದೆ “ನಮ್ಮ ಹುಡುಗಿ” ಎಂದು ನಿಲ್ಲಿಸುತ್ತಿದ್ದಳು. ಎಷ್ಟು ಸಲ ನಿಂತಿದ್ದಾಳೋ ಹಾಗೆ, ಕೈಯಲ್ಲಿ ಪಾಯಸದ ಸೌಟು ಹಿಡಿದು.

ಹೀಗಿರುವಾಗ ಬೆಂಗಳೂರಿನಲ್ಲಿ ಯಾವುದೋ ಹಳೆಯ ಕಟ್ಟಡ ಕೆಡವುವಾಗ ‘ಹನ್ನೆರಡು ಗಾಲಿ’ಯ ಇನ್ನೊಂದು ಪ್ರತಿ ಸಿಕ್ಕಿತು. ಕೂಂ ಹಾಕುವುದಕ್ಕೆ ಮೊದಲಿನದು. ನಮ್ಮಲ್ಲಿ ಕೃತಿಗೊಂದೇ ಪ್ರತಿ ಇಡಬೇಕೆಂಬ ಕಟ್ಟಳೆ ಇದೆ. ನೆನಪಿಡುವ ಪೆಟ್ಟಿಗೆಗಳು ಬಿಸಿಯಾಗುತ್ತವೆ, ಅವನ್ನು ತಂಪು ಮಾಡಲು ಕುಡಿಯುವ ನೀರೇ ಆಗಬೇಕು. ಎರಡರಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ಅಳಿಸಬೇಕು. ಯಾವುದೆಂದು ಹೇಳಬೇಕಾದವರು ವಾರಸುದಾರರು, ಅಂದರೆ ಪಂಪಕ್ಕ. ಪಂಚಾಯ್ತಿ ಅವಳಿಗೆ ಬರಿಗಿವಿ ಪರವಾನಗಿ ಕೊಟ್ಟಿತು. ಸೋಸುಗಿವಿ ತೆಗೆದಿಟ್ಟು ಒಂದೇ ಒಂದು ಸಲ ಕೇಳಬಹುದು ಎಂಬುದು ಅದರ ಅರ್ಥ.

ಪಂಪಕ್ಕ ಆ ದಿನ ಪಂಚಾಯ್ತಿಗೆ ಬಂದದ್ದು ಬೇಡ ಎನ್ನುವುದಕ್ಕೆ. “ಏ ತಿಪ್ಪೇಶಿ, ನಂಗ ಹೊಸಾದು ಬ್ಯಾಡಪ. ನಮ್ಮವ್ವ ಸೊಂಟದ ಮ್ಯಾಲೆ ಕುಂದ್ರಿಸ್ಕೊಂಡು ಕಲಿಸಿದ ಕೂಂ ಇದು. ಇದನ್ನ ಅಳಸಿದ್ರ ನಮ್ಮವ್ವನ್ನೂ ಅಳಸಿದಂಗ” ಎಂದಳು. ಶರಭಪ್ಪನವರಿಗೆ ಬಲ ಬಂತು. “ಖರೆ ಹೇಳಿದಿ ಪಂಪಕ್ಕ. ಊರಿಗೆ ಊರೇ ಇದರ ಮ್ಯಾಲೆ ಮದುವಿ ಆಗೇತಿ. ಈಗ ಬುಡ ಕೆದರಿದ್ರ ಎಷ್ಟು ಸಂಸಾರ ಅಲುಗ್ಯಾಡ್ತಾವೋ ಏನೋ” ಎಂದರು. ನಾನು ಕಟ್ಟಳೆಯನ್ನು ನೆನಪು ಮಾಡಿದೆ. ಕೇಳದೆ ಆರಿಸುವಂತಿಲ್ಲ. ಸಾಕ್ಷಿಗೆಂದು ಪಂಚಾಯ್ತಿಯ ನಾವಿಬ್ಬರೂ ಸೇರಿ ಮೂವರೂ ಕಿವಿಯಿಂದ ಕಾಳು ತೆಗೆದು ಅಧ್ಯಕ್ಷರ ಮೇಜಿನ ಮೇಲಿಟ್ಟೆವು. ಮೊದಲು ಕೇಳಿಸಿದ್ದು ಗೋಡೆಯಾಚೆ ಹಮಾಲರು ಚೀಲ ಇಳಿಸುವ ಸದ್ದು. ಬರಿಗಿವಿಗೆ ಅದೂ ಸ್ವಲ್ಪ ಒರಟೆನಿಸಿತು.

ಪರದೆಯ ಮೇಲೆ ಮಂಜಿಲ್ಲದ ಗಾಳೆಮ್ಮ ಬಂದಳು. ವರದಿಗಾರ ಅದೇ ಪ್ರಶ್ನೆ ಕೇಳಿದ. ಅವಳು ಮಂಡಕ್ಕಿ ಅಳೆಯುವ ಸೇರನ್ನು ಕೆಳಗಿಟ್ಟು, ಕೈಗೆ ಹತ್ತಿದ ಕೆಂಪನ್ನು ಸೀರೆಗೆ ಒರೆಸಿಕೊಂಡು, ಆಮೇಲೆ ಬಾಯಿ ತೆಗೆದಳು. ಅವಳು ಏನೆಂದಳೆಂಬುದನ್ನು ಕೊನೆಗೆ ಬರೆಯುತ್ತೇನೆ. ಸದ್ಯಕ್ಕೆ ಇಷ್ಟು ಹೇಳಿದರೆ ಸಾಕು, ಅದು ಹರಕೆಯಾಗಿರಲಿಲ್ಲ. ಅವಳು ಮುಗಿಸಿದ ಮೇಲೆ ಕ್ಯಾಮೆರಾ ಇನ್ನೂ ಓಡುತ್ತಲೇ ಇತ್ತು. ವರದಿಗಾರ ಮೆಲ್ಲಗೆ, “ಅಮ್ಮ, ನಮಗ್ಯಾಕೆ ಬೈತೀರಾ, ಲಾರಿಯವರಿಗೆ ಬೈಯಿರಿ” ಎಂದ.

“ಅವರಿಗೆ ದಿನಾ ಬೈತೀನಿ. ಇವತ್ತು ನೀವು ಬಂದೀರಿ, ನಿಮ್ಮ ಪಾಳಿ.” ಗಾಳೆಮ್ಮ ಕ್ಯಾಮೆರಾದ ಕಣ್ಣಿಗೇ ಬೆರಳು ತೋರಿಸಿದಳು. “ಇದರಾಗ ನೋಡ್ಕೋತ ಕುಂದ್ರತಾರಲ್ಲ, ಅವರಿಗೂ ಸೇರಿಸಿ ಅಂದೀನಿ.”

ಚಿತ್ರದೊಳಗೆ ಕಾಣಿಸದ ಯಾರೋ ಒಬ್ಬ, ಕ್ಯಾಮೆರಾ ಹಿಡಿದವನೇ ಇರಬೇಕು, “ಸಾರ್, ಇದು ಪ್ರಸಾರ ಆಗಲ್ಲ” ಎಂದ. ವರದಿಗಾರ ಅವಳ ಕಡೆ ಬಗ್ಗಿ, “ಅದನ್ನೇ ಬೈಗುಳ ಬಿಟ್ಟು ಇನ್ನೊಂದ್ಸಲ ಹೇಳ್ತೀರಾಮ್ಮ?” ಎಂದು ಕೇಳಿದ. ಗಾಳೆಮ್ಮ ಸೇರನ್ನು ಮತ್ತೆ ಕೈಗೆ ತೆಗೆದುಕೊಂಡಳು.

“ಬೈಗುಳ ಬಿಟ್ರ ಉಳಿಯೂದು ಅಳೂದಪ. ಅದನ್ನ ನಿಮ್ಮ ಮುಂದ ಅಳಂಗಿಲ್ಲ.”

ಪರದೆ ಆರಿತು. ಶರಭಪ್ಪನವರು ಪೂರ್ತಿ ಎಚ್ಚರವಾಗಿದ್ದರು. ಪಂಚಾಯ್ತಿಯ ಚರಿತ್ರೆಯಲ್ಲಿ ಅದೇ ಮೊದಲು. “ನಮ್ಮ ಮದುವ್ಯಾಗ ಇದನ್ನಾ ಹರಸಿದ್ರಲ್ಲವಾ. ಈಗ ತಿಳೀತು ಬಿಡು” ಎಂದರು.

“ನಿಮ್ಮನಿಯಾಕಿ ಸಾದು ಹೆಂಗಸು ಶರಭಣ್ಣ, ಆಕಿಗೆ ತಟ್ಟಿದ್ದು ನೀವು” ಎಂದು ಪಂಪಕ್ಕ ಅಂದಳು, ಆದರೆ ಅವಳ ಗಮನ ಅಲ್ಲಿರಲಿಲ್ಲ. “ತಿಪ್ಪೇಶಿ, ಹೊನ್ನೂರಿ ಅಂದ್ಲಲ್ಲ?”

ನಾನು ಹೌದೆಂದೆ.

“ಹುಡುಗಿ ಹೆಸರು ಹೊನ್ನೂರಿ. ಹಿಂದಕ ಹೊಳ್ಳಿಸು.”

ಒಂದೇ ಸಲ ಎಂಬ ಕಟ್ಟಳೆ ಶರಭಪ್ಪನವರಿಗೂ ಗೊತ್ತು. ಅವರು ಎದ್ದು, ಗೋಡೆಗೆ ತೂಗುಹಾಕಿದ್ದ ತಮ್ಮದೇ ಫೋಟೋವನ್ನು ಬಹಳ ಆಸಕ್ತಿಯಿಂದ ನೋಡುತ್ತ, ನಮಗೆ ಬೆನ್ನು ಕೊಟ್ಟು ನಿಂತರು. ಹಿಂದಕ್ಕೆ ಹೊರಳಿಸಿದೆ. ಆ ಹೆಸರು ಎರಡು ಬೈಗುಳಗಳ ನಡುವೆ ಸಿಕ್ಕಿಕೊಂಡಿತ್ತು. ಮೊದಲ ಬೈಗುಳಕ್ಕೆ ಗುಂಡಿ ಒತ್ತಿದವನು, ಮುಂದಿನದು ಹೇಗೂ ಬರುತ್ತದಲ್ಲ ಎಂದು, ಬೆರಳು ಎತ್ತುವ ತೊಂದರೆ ತೆಗೆದುಕೊಂಡಿರಲಿಲ್ಲ. ಕೆಟ್ಟವನೇನಲ್ಲ, ಅವನಿಗೂ ಮನೆಗೆ ಹೋಗುವ ಹೊತ್ತಾಗಿರಬೇಕು. ಆದರೆ ಆ ಬೆರಳಿನ ಕೆಳಗೆ ಒಂದು ಹುಡುಗಿ ಇನ್ನೂರು ವರ್ಷ ಬಿದ್ದಿದ್ದಳು.

ಪಂಪಕ್ಕ ಮೇಜಿನ ಮೇಲಿದ್ದ ತನ್ನ ಸೋಸುಗಿವಿಯನ್ನು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. “ಹಳೇದನ್ನ ಅಳಸ್ರಿ” ಎಂದಳು. ಶರಭಪ್ಪನವರು ತಿರುಗದೆಯೇ, “ಅವ್ವ ಕಲಿಸಿದ್ದು ಅಂತಿದ್ದೆಲ್ಲವಾ” ಎಂದರು. “ಅವ್ವಂಗ ಈ ಹೆಸರು ಗೊತ್ತಿದ್ರ ಆಕಿನೂ ಕೂಂ ಅಂತಿದ್ದಿಲ್ಲ” ಎಂದು ಹೇಳಿ ಪಂಪಕ್ಕ ಮುಖ ಮುಚ್ಚಿಕೊಂಡಳು. ಕೂಂ ಪ್ರತಿಯನ್ನು ನಾನೇ ಅಳಿಸಿದೆ. ಕಡೆಯ ಸಲ ಒಮ್ಮೆ ಹಾಕಿ ಕೇಳೋಣವೆಂದು ಕೈ ಹೋಯಿತು, ಹಾಕಲಿಲ್ಲ.

ಮುಂದಿನ ವಾರ ಊರಪರದೆಯ ಮೇಲೆ ಹೊಸ ಪ್ರತಿ ಬಂತು. ಊರಿಗೆ ಊರೇ ಪಂಚಾಯ್ತಿಯ ಪರವಾನಗಿ ಪಡೆದು ಕಿವಿ ಬಿಚ್ಚಿ ಕುಳಿತಿತ್ತು. ಗಾಳೆಮ್ಮ ಮಾತಾಡಿದಳು. ಎದುರು ಸಾಲಿನ ಮುದುಕರೊಬ್ಬರು ತಮ್ಮ ಬುತ್ತಿಯ ಮೇಲೆ ಮುಚ್ಚಳ ಮುಚ್ಚಿದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಎದ್ದು ಮನೆಗೆ ಹೋಯಿತು, ಜೊತೆಯಾಗಿಯೇ ಹೋಯಿತು ಎಂಬುದು ಸಮಾಧಾನ. ಮರುದಿನದಿಂದ ಊರು ಬಿಕೋ ಎನ್ನುತ್ತಿದೆ. ಹಾಲು ಉಕ್ಕಿದರೆ ಜನ ಸುಮ್ಮನೆ ನೋಡುತ್ತ ನಿಲ್ಲುತ್ತಾರೆ. ಗಾಳೆಮ್ಮನ ಮಾತುಗಳನ್ನೇ ಬಳಸಿ ನೋಡಿದವರಿದ್ದಾರೆ. ನಾಲಿಗೆ ಹೊರಳುವುದಿಲ್ಲ, ಮಂಗಳಾರತಿಯ ರಾಗದಲ್ಲಿ ಬರುತ್ತದೆ. ನಿಮ್ಮ ನಲ್ಲಿ ಕಟ್ಟೆಯ ಆ ಹೆಂಗಸು ಒಂದು ವಾರ ಇಲ್ಲಿಗೆ ಬಂದು ಪಾಠ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಕೂಂ ಇಲ್ಲದ ನಮ್ಮ ಮನೆಯೂ ನನಗೆ ಹೊಸತು. ಎಳವೆಯಲ್ಲಿ ಜ್ವರ ಬಂದಾಗ ಪಂಪಕ್ಕ ಹಣೆಯ ಮೇಲೆ ಕೈಯಿಟ್ಟು ಅದನ್ನೇ ಮೆಲ್ಲಗೆ ಹೇಳುತ್ತಿದ್ದಳು. ಸುಳ್ಳೇ ಇರಬಹುದು, ಜ್ವರ ಇಳಿಯುತ್ತಿತ್ತು.

ಈ ಪತ್ರ ಅವಳ ಅಪ್ಪಣೆ. ಮೊನ್ನೆ ಬಾಗಿಲಲ್ಲೇ ನಿಂತು ಹೇಳಿದಳು: “ಗಾಳೆಮ್ಮ ಬೈದದ್ದು ನಮಗಲ್ಲ ತಿಪ್ಪೇಶಿ. ಆವತ್ತು ಲಾರಿ ನಿಲ್ಲಿಸದೆ ಹೋದೋರಿಗೆ, ಆಮೇಲೆ ಅದನ್ನ ಟಿವ್ಯಾಗ ನೋಡ್ಕೋತ ಉಂಡೋರಿಗೆ. ಅವರಿಗೆ ಮುಟ್ಟಲೇ ಇಲ್ಲ ನೋಡು. ಬರದು ಕಳಸು. ನೀ ಮೆತ್ತನ್ನ ಮನುಷ್ಯ, ಮೆತ್ತಗ ಮಾಡಿ ಬರದಿ, ಜೋಕಿ.”

ಆದ್ದರಿಂದ, ಮಾನ್ಯರೇ, ನಿಮ್ಮಲ್ಲಿ ಗುಂಡಿ ಒತ್ತುವ ಕೆಲಸದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ. ಒತ್ತಲೇಬೇಕಾದರೆ ಒತ್ತಿ, ಮನೆಮಂದಿ ನೋಡುತ್ತಾರೆ, ನನಗೂ ತಿಳಿಯುತ್ತದೆ. ಒತ್ತುವ ಮೊದಲು ಆ ಮಾತು ಯಾರ ಬಾಯಿಂದ, ಯಾತಕ್ಕೆ ಬಂತೆಂದು ಒಮ್ಮೆ ಕೇಳಿಸಿಕೊಳ್ಳಿ. ಉಳಿದವರಿಗೆ ಕೋರಿಕೆ ಏನೂ ಇಲ್ಲ, ಒಪ್ಪಿಸಬೇಕಾದದ್ದು ಇದೆ. ಒಂದಕ್ಷರ ಸೋಸಿಲ್ಲ. ಇದನ್ನು ಗಟ್ಟಿಯಾಗಿ ಓದಬೇಕು, ಮನೆಮಂದಿಯೆಲ್ಲ ಇರುವಾಗಲೇ ಓದಬೇಕು ಎಂದು ಪಂಪಕ್ಕ ಹೇಳಿದ್ದಾಳೆ.

“ನೀವು ಮನುಷ್ಯಾರೇನ್ರಲೇ, ಮುಂಡೇಮಕ್ಕಳ್ರಾ. ಉಣ್ಣಾಗ ನಿಮ್ಮ ಗಂಗಾಳದಾಗ ಈ ಕೆಂಪು ಮಣ್ಣು ಬೀಳಲಿ, ನಿಮ್ಮ ಬಾಯಿ ಸೇದಿಹೋಗಲಿ. ಮನ್ಯಾಗ ತಣ್ಣಗ ಕುಂತು ನನ್ನ ನೋಡ್ತೀರೇನ್ರಲೇ, ಹಲ್ಕಟ್ ನನ್ಮಕ್ಕಳ್ರಾ. ನಮ್ಮ ಹುಡುಗಿ, ಹಾಟ್ಯಾಗೋಳ್ರಾ, ಹೊನ್ನೂರಿ, ಮುಂಡೇಮಕ್ಕಳ್ರಾ, ರಸ್ತ್ಯಾಗ ಬಿದ್ದು ನೀರು ನೀರು ಅಂತಿದ್ಲು, ಒಬ್ಬನರ ಇಳದನೇನ್ರಲೇ. ನೂರು ವರ್ಷ ನಿಮ್ಮ ಕಣ್ಣಿಗೆ ನಿದ್ದಿ ಹತ್ತದಿರಲಿ.”

ಗಾಳೆಮ್ಮನ ಪರವಾಗಿ ಬರೆದುಕೊಟ್ಟವನು,
ತಿಪ್ಪೇಶ